ಬಿಟ್ಟವಳಿಗೊಂದು ಖಾನೆ

ದಪ್ಪ ನಿಘಂಟುಗಳಲ್ಲಿ ಕೆಲವು ಶಬ್ದಗಳ ಮುಂದೆ ‘ವಿರಳ’ ಎಂದು ನಮೂದಿಸುವ ಪದ್ಧತಿಯುಂಟು, ನೀವೂ ಗಮನಿಸಿರಬಹುದು. ನಿಜಾಮರ ಆಳ್ವಿಕೆಯಲ್ಲಿ ನಾನು ಶಹಾಬಾದದಲ್ಲಿ ಶಾಲಾ ಮಾಸ್ತರನಾಗಿದ್ದಾಗ, ರೈಲು ತಪ್ಪಿದ ಒಂದು ಮಧ್ಯಾಹ್ನ ವಾಡಿಯ ವಾಚನಾಲಯದಲ್ಲಿ ಅಂಥದೊಂದು ಇಂಗ್ಲಿಷ್ ಕ್ರಿಯಾಪದ ಕಣ್ಣಿಗೆ ಬಿತ್ತು. ಅರ್ಥ: ಕ್ರೈಸ್ತಮತವನ್ನು ತೊರೆಯುವುದು. ಬಳಕೆಗೆ ಉದಾಹರಣೆಯೇ ಇರಲಿಲ್ಲ. ಕ್ರೈಸ್ತರಾದವರನ್ನು ಕುರಿತು ನಮ್ಮ ಸೀಮೆಯಲ್ಲಿ ಬೈಗುಳವೂ ಸೇರಿ ಹತ್ತು ಮಾತುಗಳಿದ್ದವು, ಬಿಟ್ಟವರಿಗೆ ಒಂದೂ ಇರಲಿಲ್ಲ. ಅಂಥ ಅಪರೂಪದ ಆಭರಣ ಸಿಕ್ಕಮೇಲೆ ಅರ್ಧ ಪಂಡಿತನಾದ ನಾನು ಸುಮ್ಮನಿರುವುದುಂಟೆ? ಕಂಡಕಂಡವರಿಗೆಲ್ಲ ವಿವರಿಸಿದೆ. ಜೊತೆಯ ಮಾಸ್ತರರು ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದರು.

ಆಮೇಲೆ ಜನಗಣತಿ ಬಂತು. ಕಲ್ಲುಗಣಿಯ ಗುಡಿಸಲುಗಳ ಪಾಲು ನನಗೆ ಬಿತ್ತು. ನೆಲಕ್ಕೆ ಹಾಸುವ ಫರಸಿ ಕಲ್ಲು ಉಜ್ಜುವ ಎಲಿಶಮ್ಮನ ಹತ್ತಿರ, ನಮೂನೆಯಲ್ಲಿ ‘ಮಜಹಬ್’ ಅಂದರೆ ಧರ್ಮದ ಖಾನೆಗೆ ಬಂದಾಗ, ಹೆಸರೇ ಹೇಳುತ್ತದಲ್ಲ ಎಂದು ಕೇಳದೆಯೇ ‘ಇಸಾಯಿ’, ಅಂದರೆ ಕ್ರೈಸ್ತಳು, ಎಂದು ಗೀಚಿದೆ.

“ಏನ್ ಬರದ್ರಿ ಮಾಸ್ತರ? ಓದಿ ಹೇಳ್ರಿ,” ಎಂದಳು. ಓದಿದೆ.

“ಹೊಡದ್ ಹಾಕ್ರಿ. ನಾ ಬಿಟ್ಟೀನಿ.”

“ಬಿಟ್ಟು ಯಾವುದಕ್ಕ ಸೇರಿದಿ?”

“ಯಾವುದಕ್ಕೂ ಇಲ್ರಿ. ಮನಿ ಬಿಟ್ಟು ಹೊಂಟಾಕಿ ಮತ್ತೊಂದ್ ಮನಿ ಹುಡುಕೇ ಹೊಂಡಬೇಕೇನು?”

ಮಗು ಜ್ವರದಿಂದ ಬಳಲುವಾಗ ಅವಳ ಗಂಡ ದರ್ಗಾದಲ್ಲಿ ದಾರ ಕಟ್ಟಿ ಬಂದಿದ್ದನಂತೆ. ಅಷ್ಟಕ್ಕೇ ಪಾದ್ರಿ ಅವನನ್ನು ಸಭೆಯಿಂದ ಹೊರಗಿಟ್ಟ. ಗಣಿಯಲ್ಲಿ ಬಂಡೆ ಉರುಳಿ ಅವನು ಸತ್ತಾಗ ಚರ್ಚಿನ ಮಸಣದಲ್ಲಿ ಮೂರು ಮೊಳ ಜಾಗವನ್ನೂ ಕೊಡಲಿಲ್ಲ. “ಆ ಗುಡಿ ನೆಲದ ಫರಸಿ ಉಜ್ಜಿದ್ದು ಈ ಕೈ,” ಎಂದು ಅಂಗೈ ತೋರಿಸಿದಳು. ಅಲ್ಲಿ ರೇಖೆಗಳೇ ಸವೆದಿದ್ದವು. ನನ್ನ ವಿರಳ ಕ್ರಿಯಾಪದವನ್ನು ಹೇಳಲು ಬಾಯಿ ತೆರೆದವನು ನಾಚಿ ಮುಚ್ಚಿಕೊಂಡೆ. ನಿಘಂಟಿನಲ್ಲಿ ಕಾಣದ ಉದಾಹರಣೆ ಕಲ್ಲಿನ ಪುಡಿ ಮೆತ್ತಿಕೊಂಡು ನನ್ನೆದುರು ಕುಳಿತಿತ್ತು.

‘ಇಸಾಯಿ ಮಜಹಬ್ ಬಿಟ್ಟಿದ್ದಾಳೆ, ಬೇರೆ ಯಾವುದೂ ಇಲ್ಲ’ ಎಂದು ತಿದ್ದಿ ಬರೆದೆ. ನಾಲ್ಕು ದಿನಕ್ಕೆ ಮೇಲಿನ ಕಚೇರಿಯಿಂದ ಕಾಗದ ಕೆಂಪು ಗೀರಿನೊಂದಿಗೆ ವಾಪಸು ಬಂತು: ಇಂಥ ಮಜಹಬ್ ಇಲ್ಲ, ಹಳೆಯದನ್ನೇ ಬರೆದು ಕಳಿಸು, ತಪ್ಪಿದರೆ ಮಾಸ್ತರಿಕೆಯಿಂದ ಅಮಾನತು. ಅಂಜುಬುರುಕ ನಾನು ಕಾಗದ ಹಿಡಿದು ಮತ್ತೆ ಅವಳ ಗುಡಿಸಲಿಗೇ ಹೋದೆ.

ವಿಷಯ ಕೇಳಿ ಅವಳು ಕೈಯ ಕೆಲಸ ನಿಲ್ಲಿಸಲಿಲ್ಲ. “ನಿಮ್ಮ ನೌಕರಿ ಹೋಗ್ತದಂದ್ರ ಬರಕೋರಿ ಮಾಸ್ತರ, ನಿಮಗೂ ಹೆಂಡ್ರು ಮಕ್ಳದಾರ. ಆದ್ರ ನನ್ನ ಮುಂದ ಅದನ್ನ ಓದಬ್ಯಾಡ್ರಿ.”

ಬೈದಿದ್ದರೆ ಬಹುಶಃ ಬರೆದುಬಿಡುತ್ತಿದ್ದೆ. ಅವಳು ಕರುಣೆ ತೋರಿದ್ದು ನನಗೆ ಭಾಳ ಚುಚ್ಚಿತು. ಅಲ್ಲೇ ಕಲ್ಲಿನ ಮೇಲೆ ಕುಳಿತು, ಕೆಂಪು ಗೀರಿನ ಕೆಳಗೆ ‘ಬಿಟ್ಟಿದ್ದಾಳೆ’ ಎಂಬ ಆ ಮಾತನ್ನೇ ಇನ್ನೂ ದೊಡ್ಡ ಅಕ್ಷರದಲ್ಲಿ ಬರೆದು, ಸುತ್ತಲಿನ ಗುಡಿಸಲುಗಳಿಗೆಲ್ಲ ಕೇಳುವಂತೆ ಅವಳೆದುರು ಓದಿದೆ.