ಸಾಹೇಬರ ಗೊಂಬೆ ತಿರುಗಲಿಲ್ಲ

ದಾರಿ ತೋರುವ ಆಂಜನೇಯಸ್ವಾಮಿಗೆ ಕೈಮುಗಿದು ಹೇಳುತ್ತೇನೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ರಹೀಂ ಸಾಹೇಬರ ಹಳೇ ಡಿಸೈನ್ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿಗೆ ಒಗ್ಗಲಿಲ್ಲ. ಕಂಪ್ಯೂಟರ್ ರಿಪೇರಿಯವನಾದ ನಾನು ಆ ಹೊಸದರೊಳಗೇ, ಹಳೇ ಕಂಪ್ಯೂಟರಿನಂತೆ ನಡೆಯುವ ಇನ್ನೊಂದು ವರ್ಚುವಲ್ ಕಂಪ್ಯೂಟರ್ ಕೂರಿಸಿಕೊಟ್ಟಿದ್ದೆ. ವಾರ ಕಳೆದು ಫೋನ್ ಬಂತು.

"ಸ್ವಾಮಿ, ಗೊಂಬೆ ಚಿತ್ರ ತಿರುಗ್ಸಿದ್ರೆ ನಿಂತು ನಿಂತು ಬತ್ತೈತೆ. ಮಧ್ಯಾಹ್ನ ಪಾರ್ಟಿ ನೋಡಕ್ ಬತ್ತಾರೆ. ಹಿಂಗೇ ಇದ್ರೆ ಆರ್ಡರ್ ಹೋಯ್ತು ಅಂದ್ಕೊಳಿ."

ಓಡಿಹೋಗಿ ಮೆಮೊರಿ ಹೆಚ್ಚಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ನೋಡಿದರೆ, ಒಳಗಿನ ಕಂಪ್ಯೂಟರಿಗೆ ಭಕ್ತಿಯಿಂದ ನಾನೇ ಹಾಕಿದ್ದ ವಾಲ್‌ಪೇಪರ್! ಹನುಮಪ್ಪನ ಮುಂದೆ ಸದಾ ಅಲ್ಲಾಡುವ ದೀಪ ತೋರಿಸುವುದರಲ್ಲೇ ಆ ಕಂಪ್ಯೂಟರಿನ ಶಕ್ತಿಯೆಲ್ಲ ಮುಗಿಯುತ್ತಿತ್ತು.

"ನಂಗೂ ಒಸಿ ಅನುಮಾನ ಇತ್ತು," ಎಂದರು ಸಾಹೇಬರು. "ನಿಮ್ ದ್ಯಾವ್ರು, ನಾನೆಂಗೆ ತೆಗೀಲಿ?"

ಹನುಮಪ್ಪನ ಕ್ಷಮೆ ಕೇಳಿ ನಾನೇ ತೆಗೆದೆ. ಗೊಂಬೆ ಸರಾಗವಾಗಿ ತಿರುಗಿತು. ಕೇಳಿದ ನಿಮ್ಮೆಲ್ಲರಿಗೂ ಸ್ವಾಮಿ ಒಳ್ಳೆಯದು ಮಾಡಲಿ, ನನಗೆ ಸಾಹೇಬರಷ್ಟು ಭಯಭಕ್ತಿ ಕೊಡಲಿ.