ನೆಗ್ಗಿದ ಪಾತ್ರೆಗಳ ಗಿರಿಜಕ್ಕ

ತಮ್ಮ ಪಾತ್ರೆ ಅಂಗಡಿಯಲ್ಲಿ ನೆಗ್ಗಿದ್ದೇನಾದರೂ ಸಿಕ್ಕರೆ ಗಿರಿಜಕ್ಕನ ಮುಖ ಅರಳುತ್ತಿತ್ತು. ಗಿರಾಕಿಗಳು ಬೇಡವೆಂದು ಬಿಟ್ಟ ಸೊಟ್ಟ ಕುಕ್ಕರು, ಹಿಡಿ ಸಡಿಲಾದ ಬಾಣಲೆ ಎಲ್ಲವೂ ಅಟ್ಟ ಸೇರುತ್ತಿದ್ದವು. "ಇವಕ್ಕೂ ಬೇಸಿಗೆ ರಜ ಬೇಡ್ವಾ?" ಎನ್ನುವರು. ಏಪ್ರಿಲ್ ಬಂತೆಂದರೆ ಅವನ್ನೂ ಬೀದಿಯ ನಾಲ್ಕು ಹೆಂಗಸರನ್ನೂ ಹಳೇ ವ್ಯಾನಿಗೆ ತುಂಬಿಕೊಂಡು, ತಾವೇ ಓಡಿಸುತ್ತ ಕಳಸದ ಕಡೆ ಹೊರಟುಬಿಡುವರು. ಅವರ ಮಹಡಿಯ ಮೇಲೆ ಬಾಡಿಗೆಗಿದ್ದ ನನಗೂ ಒಂದು ಸೀಟು ಕಾಯಂ.

ಅವರ ಯಜಮಾನರಿಗೆ ಇದು ತಲೆಗೇ ಹೋಗುತ್ತಿರಲಿಲ್ಲ. "ತಂಪು ಬೇಕು ಅಂತ ಊರೂರಿನವ್ರು ಚಿಕ್ಕಮಗಳೂರಿಗೆ ಬರ್ತಾರೆ. ನೀನು ಇಲ್ಲಿಂದ ಎಲ್ಲಿಗೆ ಓಡ್ತೀಯೆ?"

"ಬಂದೋರು ಈ ತಗಡು ಶೀಟಿನ ಸೂರಿನ ಅಂಗಡೀಲಿ ಒಂದು ಮಧ್ಯಾಹ್ನ ಕೂತ್ಕೊಳ್ಳಲಿ, ಆಮೇಲೆ ಮಾತಾಡಣ."

ಸಂಸೆ ಹತ್ತಿರ ಪರಿಚಯದವರ ಎಸ್ಟೇಟಿನಲ್ಲಿ ವ್ಯಾನು ನಿಲ್ಲಿಸಿ, ಬೆನ್ನಿಗೆ ಬ್ಯಾಗು ಹೊತ್ತು, ಕಾಫಿ ತೋಟ ದಾಟಿ ಹತ್ತಿದರೆ ಹಳ್ಳದ ದಂಡೆಯಲ್ಲಿ ನಮ್ಮ ಟೆಂಟು. ಬೆಳಿಗ್ಗೆ ಅಲ್ಲೇ ಸ್ನಾನ, ಲಿಂಗಪೂಜೆ. ಅದಾಗದೆ ಗಿರಿಜಕ್ಕ ಹನಿ ಕಾಫಿ ಮುಟ್ಟರು; ಅವರು ಮುಟ್ಟದೆ ಕುಡಿಯಲು ನಮಗೆ ಮುಖವಿಲ್ಲ. ಒಂದು ಸಲ ವಿಭೂತಿಯನ್ನೇ ಮನೆಯಲ್ಲಿ ಮರೆತು ಬಂದಿದ್ದರು. ಚೀಲ ತಡಕಿದ್ದೇ ತಡಕಿದ್ದು, ಇತ್ತ ಉಪ್ಪಿಟ್ಟು ಆರಿ ಗಟ್ಟಿಯಾಗುತ್ತಿತ್ತು. ಕೊನೆಗೆ ಒಲೆಯ ಬೂದಿಯನ್ನೇ ಹಣೆಗೆ ಎಳೆದುಕೊಂಡರು. "ನಾವು ಕಾಡಲ್ಲಿದೀವಿ ಅಂತ ಶಿವನಿಗೇನು ಗೊತ್ತಿಲ್ವಾ ಮಾರಾಯ್ತಿ?" ಬೂದಿಯ ಜೊತೆ ಮಸಿಯೂ ಬಂದಿತ್ತು. ಪುಣ್ಯಾತ್ಗಿತ್ತಿ ಕರೀ ಹಣೆಯಲ್ಲೇ ಸಂಜೆವರೆಗೂ ಓಡಾಡಿದರು. ಹೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ.

ಹಳ್ಳದಿಂದಾಚೆ ಹುಲ್ಲಿನ ಗುಡ್ಡ. ಅದರ ನೆತ್ತಿಯಲ್ಲಿ ಬೀಸುವ ಗಾಳಿಗಾಗಿಯೇ ಅವರು ವರ್ಷವಿಡೀ ಕಾಯುತ್ತಿದ್ದುದು. ಹೋದ ಬೇಸಿಗೆಯ ಹೊತ್ತಿಗೆ ಹೃದಯದ ತೊಂದರೆ ಶುರುವಾಗಿತ್ತು. ಡಾಕ್ಟರು ಗುಡ್ಡದ ಮಾತೇ ಬೇಡ ಎಂದಿದ್ದರು. "ಒಂದೇ ಸಲ, ಆ ಗಾಳಿ ಕುಡ್ಕೊಂಡು ಬಂದ್ಬಿಡ್ತೀನಿ" ಎಂದು ಮನೆಯಲ್ಲಿ ಹಟ ಹಿಡಿದರು. ಯಜಮಾನರೇ ಸೋತು, ಎಸ್ಟೇಟಿನ ಜೀಪಿನಲ್ಲಿ ನಮ್ಮಿಬ್ಬರನ್ನೂ ಹಳ್ಳದವರೆಗೆ ಕರೆತಂದರು.

ಅಲ್ಲಿಂದ ಅರ್ಧ ಗುಡ್ಡವೂ ಆಗಲಿಲ್ಲ. ಒಂದು ಬಂಡೆಯ ಮೇಲೆ ಕುಸಿದು ಕೂತರು. ಮುಖವೆಲ್ಲ ಬೆವರು. ನೆತ್ತಿ ಅಲ್ಲೇ ಕಾಣುತ್ತಿತ್ತು.

"ನೀನು ಹೋಗಿ ಬಾ."

"ನಾನೊಲ್ಲೆ ಗಿರಿಜಕ್ಕ. ನೀವಿಲ್ದೆ ಏನು ನೋಡೋದು?"

"ಸುಮ್ನೆ ಹೋಗೇ. ನೀನೂ ನೋಡ್ದಿದ್ರೆ ನಂಗೆ ಬಂದು ಹೇಳೋರು ಯಾರು?"

ಹೋದೆ. ಅಳುತ್ತಲೇ ಹತ್ತಿದೆ, ಸುಳ್ಳೇಕೆ. ಓಡಿ ಇಳಿದು ಎಲ್ಲ ಹೇಳಿದೆ: ನಿಲ್ಲಲು ಬಿಡದ ಗಾಳಿ, ಹುಲ್ಲಿನ ಮೇಲೆ ಸರಿಯುವ ಮೋಡದ ನೆರಳು, ಕಿವಿಯೊಳಗಿನ ಆ ಭೋರೆಂಬ ಸದ್ದು. ಅವರು ಕಣ್ಣು ಮುಚ್ಚಿ ಕೇಳಿದರು. "ಸೆರಗು ನಿಲ್ತಿತ್ತಾ?" "ಎಲ್ಲಿ ನಿಲ್ಲತ್ತೆ, ಮುಖಕ್ಕೇ ಹೊಡೀತಿತ್ತು." ನಕ್ಕರು. "ಇನ್ನೊಂದ್ಸಲ ಹೇಳು" ಎಂದರು. ಹೇಳಿದೆ.

ಮಳೆಗಾಲ ಹಿಡಿಯುವ ಮೊದಲೇ ಹೋಗಿಬಿಟ್ಟರು.

ಈ ಏಪ್ರಿಲ್‌ನಲ್ಲಿ ಸೆಕೆ ತಡೆಯಲಾರದೆ ನಾನೊಬ್ಬಳೇ ಬಸ್ಸು ಹತ್ತಿ ಆ ಗುಡ್ಡಕ್ಕೆ ಬಂದೆ. ನೆತ್ತಿಯಲ್ಲಿ ಅದೇ ಗಾಳಿ. ಮೈ ತಂಪಾಯಿತು; ಅವರು ಇರಬೇಕಿತ್ತು. ಇಳಿಯುತ್ತ ಯಾಕೋ ಕಾಲು ಅವಸರ ಮಾಡಿತು. ಬಂಡೆಯ ಹತ್ತಿರ ಬಂದು ನಿಂತೆ. ಮೇಲೆ ಹೇಗಿತ್ತೆಂದು ಯಾರೂ ಕೇಳಲಿಲ್ಲ.