ಗುನ್‌ವೋರ್ ಬಳಿದ ಕಾಡುಬಣ್ಣ

ಬೆಳಗಿನ ಐದೂವರೆ. ಗುನ್‌ವೋರ್ ಬೀಲುಂಡ್ ಕನ್ನಡಕವನ್ನು ಹಣೆಗೇರಿಸಿಕೊಂಡು, ಬೇಟೆ ಬಂದೂಕಿನ ದುರ್ಬೀನೊಂದರ ಗಾಜಿನ ಮೇಲೆ ಟೇಪು ಅಂಟಿಸುತ್ತಿದ್ದಾರೆ. ಅಂಚನ್ನು ಉಗುರಿನಿಂದ ಒತ್ತುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಮತ್ತೆ ಒತ್ತುತ್ತಾರೆ. "ಕೂದಲೆಳೆಯಷ್ಟು ಸಂದಿ ಬಿಟ್ರೂ ಬಣ್ಣ ಒಳಗೆ ನುಗ್ಗುತ್ತೆ. ಆಮೇಲೆ ಬೇಟೆಗಾರನಿಗೆ ಮೂಸ್ ಕಾಣಲ್ಲ, ನನ್ನ ಚುಕ್ಕೆ ಕಾಣುತ್ತೆ," ಅನ್ನುತ್ತಾರೆ. ಒಲೆಯ ಮೇಲೆ ಕಾಫಿ ಕುದ್ದು ಕುದ್ದು ಡಾಂಬರಾಗಿದೆ. ಕುಡಿ ಅಂತ ಲೋಟ ನೀಡುತ್ತಾರೆ. ಬೇಡ ಅನ್ನುವ ಧೈರ್ಯ ಪಕ್ಕದ ಮನೆಯ ನನಗೆ ಹನ್ನೆರಡು ವರ್ಷದಿಂದಲೂ ಬಂದಿಲ್ಲ.

ಉತ್ತರದ ಕಾಡುನಾಡು ನಮ್ಮ ಯೆಮ್ಟ್‌ಲಾಂಡ್‌ನಲ್ಲಿ ಸೆಪ್ಟೆಂಬರ್‌ನ ಮೊದಲ ಸೋಮವಾರ ಮೂಸ್ ಬೇಟೆ ಶುರು. ಆನೆಮರಿಯಷ್ಟು ದೊಡ್ಡ ಕಡವೆ ಅದು. ಶಾಲೆಯ ಮಾಸ್ತರು, ನಲ್ಲಿ ರಿಪೇರಿಯವನು, ಹಲ್ಲಿನ ಡಾಕ್ಟರು ಎಲ್ಲರೂ ಕಾಡು ಸೇರುತ್ತಾರೆ. ಆ ವಾರ ಹಲ್ಲುನೋವು ಬಂದವರಿಗೆ ದೇವರೇ ಗತಿ. ಯಾವ ಬೇಟೆಗಾರ ಎಷ್ಟು ಕವಲು ಕೊಂಬಿನ ಮೂಸ್ ಹೊಡೆದ, ಅವನ ನಾಯಿಯ ಹೆಸರೇನು, ಎಲ್ಲ ಊರಿಗೇ ಗೊತ್ತು. ಅವನ ದುರ್ಬೀನಿಗೆ ಬಣ್ಣ ಹಾಕಿದವಳು ಯಾರು ಅಂತ ಕೇಳಿ ನೋಡಿ. ತಲೆ ಕೆರೆದುಕೊಳ್ಳುತ್ತಾರೆ.

ಗುನ್‌ವೋರ್‌ಗೆ ಈಗ ಅರವತ್ತೊಂದು. ಮೂವತ್ತೊಂದು ವರ್ಷದಿಂದ ಇದೇ ಶೆಡ್ಡು, ಇದೇ ಕುರ್ಚಿ. ದಿನಕ್ಕೆ ಏಳು ದುರ್ಬೀನು. ಬಣ್ಣ ಒಣಗಿದ ಮೇಲೆ ತಿರುಗಿಸುವ ಉಂಗುರದ ಒಂದೊಂದು ಅಂಕಿಯನ್ನೂ ಮೂರೆಳೆಯ ಕುಂಚದಿಂದ ಬಿಳಿ ಮಾಡಬೇಕು. ಬಲಗೈ ಹೆಬ್ಬೆರಳು ಚಳಿಗಾಲದಲ್ಲಿ ಮಡಚಲು ಬರುವುದಿಲ್ಲ. ತಿನ್ನರ್ ವಾಸನೆ ಕುಡಿದೂ ಕುಡಿದೂ ಮೂಗು ಸತ್ತುಹೋಗಿದೆ. "ಕಾಫಿ ಸೀದಿದೆ ಅಂತ ನಿನ್ನ ಮುಖ ನೋಡಿ ತಿಳ್ಕೋಬೇಕು ನಾನು," ಅಂತ ನಗುತ್ತಾರೆ. ಇಷ್ಟು ವರ್ಷ ನಾನು ಮುಖ ಮುಚ್ಚಿಟ್ಟುಕೊಂಡದ್ದೆಲ್ಲ ದಂಡ.

ಶೆಡ್ಡಿನ ಮೂಲೆಯಲ್ಲಿ ಶವದ ಪೆಟ್ಟಿಗೆಯಷ್ಟು ಉದ್ದದ ಉಕ್ಕಿನ ತೊಟ್ಟಿಯಿದೆ. ಕಾಡುಬಣ್ಣ ಹಾಕುವುದು ಅದರಲ್ಲೇ. ಬೆಚ್ಚಗಿನ ನೀರಿನ ಮೇಲೆ ಚಿತ್ರದ ಹಾಳೆ ತೇಲಿಬಿಟ್ಟು, ಔಷಧಿ ಸಿಂಪಡಿಸಿ, ಹಾಳೆ ಕರಗಿ ಚಿತ್ರ ಮಾತ್ರ ಉಳಿದಾಗ ದುರ್ಬೀನನ್ನು ನಿಧಾನವಾಗಿ ಮುಳುಗಿಸಬೇಕು. ಎಲೆ, ತೊಗಟೆ, ಕಡ್ಡಿಗಳ ಚಿತ್ರ ಮೈಗೆ ಹತ್ತಿಕೊಳ್ಳುತ್ತದೆ. ಮೂರು ವರ್ಷದಿಂದ ಆ ತೊಟ್ಟಿಯ ಮೇಲೆ ಹಲಗೆ ಮುಚ್ಚಿದೆ, ಹಲಗೆಯ ಮೇಲೆ ಬಣ್ಣದ ಡಬ್ಬಿಗಳು ಕೂತಿವೆ. ಈವತ್ತು ಅದನ್ನು ತೆರೆಯಬೇಕೋ ಬೇಡವೋ ಅಂತ ತೀರ್ಮಾನವಾಗಬೇಕು. ದಕ್ಷಿಣದ ದೊಡ್ಡ ಅಂಗಡಿಯೊಂದು ನಲವತ್ತು ದುರ್ಬೀನಿಗೆ ಕಾಡುಬಣ್ಣ ಕೇಳಿದೆ.

ತೊಟ್ಟಿ ಮುಚ್ಚಿದ್ದಕ್ಕೆ ಕಾರಣ ಆಲ್ಗೊತ್ ನೆಸ್ಲುಂಡ್. ಊರ ಬೇಟೆ ತಂಡದ ಹಿರಿಯ, ಈಗ ಎಪ್ಪತ್ತೇಳು. ಮೂರು ವರ್ಷದ ಹಿಂದೆ ಹಳೆಯ ದುರ್ಬೀನು ಸವೆದು ಫಳಫಳ ಹೊಳೆಯುತ್ತಿದೆ ಅಂತ ತಂದಿದ್ದರು. "ಕಪ್ಪು ಹಾಕ್ತೀಯೋ, ಕಾಡುಬಣ್ಣ ಹಾಕ್ತೀಯೋ, ನೀನೇ ಹೇಳು ಅಂದ," ಗುನ್‌ವೋರ್ ನೆನೆಯುತ್ತಾರೆ. "ಮೂಸ್‌ಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಅದು ನೋಡೋದಕ್ಕಿಂತ ಮೂಸೋದೇ ಹೆಚ್ಚು. ಕಪ್ಪು ಸಾಕು ಅನ್ನಬೇಕಿತ್ತು ನಾನು. ಆದ್ರೆ ಆಗಷ್ಟೇ ನಮ್ಮ ಕಾಡಿನದ್ದೇ ಫೋಟೋ ತೆಗೆದು ಹಾಳೆ ಮಾಡಿಸಿದ್ದೆ. ನಮ್ಮ ಸ್ಪ್ರೂಸ್ ಮರ, ಅದರ ಮೇಲಿನ ಕಲ್ಲುಹೂವು. ಯಾರದಾದರೂ ದುರ್ಬೀನಿಗೆ ಹಾಕಿ ನೋಡೋ ಚಪಲ. ಕಾಡುಬಣ್ಣ ಹಾಕ್ಸು ಆಲ್ಗೊತ್, ಅಂದುಬಿಟ್ಟೆ."

ಇಲ್ಲಿ ಯಾರಾದರೂ ಮೂಸ್ ಕೆಡವಿದರೆ ಹತ್ತಿರ ಇದ್ದವರೆಲ್ಲ ಎಳೆಯಲು ಬರಲೇಬೇಕು. ಬಂದೂಕಿನ ಗುಂಡು ತೆಗೆದು, ಗುಂಡು ಸಿಡಿಸುವ ಬೋಲ್ಟು ಕಳಚಿ ಜೇಬಿಗೆ ಹಾಕಿ, ಮರಕ್ಕೆ ಒರಗಿಸಿ ಹಗ್ಗ ಹಿಡಿಯುವುದು ಪದ್ಧತಿ. ಆ ಅಕ್ಟೋಬರ್‌ನಲ್ಲಿ ಆಲ್ಗೊತ್ ಕೂಡ ಹಾಗೇ ಒರಗಿಸಿ ಹೋದರು. ನಲವತ್ತು ವರ್ಷ ಅವರು ಮರ ಗುರುತಿಟ್ಟುಕೊಂಡವರೇ ಅಲ್ಲ. ಮಸುಕು ಮರದ ಹಿಡಿ, ಮಸುಕು ನಳಿಗೆ, ಹೊಳೆಯುವ ದುರ್ಬೀನೊಂದೇ ದೂರದಿಂದ ಕರೆಯುತ್ತಿತ್ತು. ಗಂಟೆ ಕಳೆದು ಬಂದು ನೋಡಿದರೆ ಸ್ಪ್ರೂಸ್, ಸ್ಪ್ರೂಸ್, ಬರೀ ಸ್ಪ್ರೂಸ್. ಹನ್ನೊಂದು ಜನ ಸಾಲಾಗಿ ಎರಡು ದಿನ ಹುಡುಕಿದರು. ಮೂರನೆಯ ದಿನ ಹಿಮ ಬಿತ್ತು.

ಆಲ್ಗೊತ್ ತಾವೇ ಪೊಲೀಸರ ಹತ್ತಿರ ಹೋಗಿ ಹೇಳಿದರು. ಬಂದೂಕು ಕಳೆದುಕೊಂಡವನಿಗೆ ಪರವಾನಗಿ ಉಳಿಯುವುದಿಲ್ಲ. ಅವರದೂ ಉಳಿಯಲಿಲ್ಲ.

"ಹಿಮ ಕರಗಿದ ಮೇಲೆ ಪ್ರತಿ ಶನಿವಾರ ನಾನೊಬ್ಬಳೇ ಹೋದೆ," ಅನ್ನುತ್ತಾರೆ ಗುನ್‌ವೋರ್. "ಬಳಿದವಳು ನಾನು, ನನಗಾದ್ರೂ ಕಾಣ್ಬೇಕಲ್ಲ? ಎರಡು ಸಲ ಬಂದೂಕಿನ ಪಕ್ಕದಲ್ಲೇ ದಾಟಿದ್ದೆ. ಮೂರನೇ ಸಲ ಮೊಣಕಾಲಿಗೆ ತಾಗ್ತು. ಅಷ್ಟು ಚೆನ್ನಾಗಿ ಮಾಡಿದ್ದೆ ನೋಡು, ಹಾಳಾದ ಕೈ!" ಈ ಮಾತಿಗೆ ಆಕೆ ನಗುವುದಿಲ್ಲ.

ಎಂಟಕ್ಕೆ ಈ ಬಣ್ಣದ ಶೆಡ್ಡಿನ ಒಡತಿ ಟೈರಾ ಬರುತ್ತಾಳೆ. ಒಂದು ಕೈಯಲ್ಲಿ ದಾಲ್ಚಿನ್ನಿ ಬನ್ನು, ಇನ್ನೊಂದರಲ್ಲಿ ಫೋನು. ತೊಟ್ಟಿ ತೆರೆಯಲು ಗುನ್‌ವೋರ್ ಒಂದು ಷರತ್ತು ಹಾಕಿದ್ದರು: ಪ್ರತಿ ದುರ್ಬೀನಿನ ಕೊರಳಿಗೂ ಬೆರಳಗಲ ಕಿತ್ತಳೆ ಪಟ್ಟಿ ಇರಬೇಕು. ಬೇಟೆಗಾರರ ಟೋಪಿಯದ್ದೇ ಕಿತ್ತಳೆ.

"ಪಟ್ಟಿ ಬೇಡವಂತೆ," ಅನ್ನುತ್ತಾಳೆ ಟೈರಾ. "ಕಾಡುಬಣ್ಣದ ಮೇಲೆ ಕಿತ್ತಳೆ ಹಾಕೋದು ತಮಾಷೆನಾ ಅಂತ ಕೇಳಿದ್ರು."

"ಹಾಗಾದ್ರೆ ನಾನು ತೊಟ್ಟಿ ತೆಗೆಯಲ್ಲ."

"ಗುನ್‌ವೋರ್, ಕೊಳ್ಳೋರು ಕೇಳ್ತಿದ್ದಾರೆ. ಎಲ್ಲರೂ ಆಲ್ಗೊತ್ ಥರ ಮರೀತಾರಾ?"

"ಆಲ್ಗೊತ್ ಏನೂ ಮರೀಲಿಲ್ಲ. ಅವನು ನಂಬಿದ್ದ ಹೊಳಪನ್ನ ನಾನು ಅಳಿಸಿದೆ. ಬೇರೆಯವರ ಕೈಲಿ ಮಾಡ್ಸು."

"ಬೇರೆಯವರು ಯಾರಿದ್ದಾರೆ? ಈ ಕೆಲಸ ಹೋದ್ರೆ ಚಳಿಗಾಲಕ್ಕೆ ನಿನಗೆ ವಾರಕ್ಕೆ ಮೂರೇ ದಿನ ಕೆಲಸ. ಆಮೇಲೆ ನನ್ನ ಮೇಲೆ ಮುನಿಸ್ಕೋಬೇಡ."

"ಮುನಿಸ್ಕೊಳ್ಳಲ್ಲ ಕಣೇ. ಬನ್ನು ತಿನ್ನು, ಆರುತ್ತೆ."

ಟೈರಾ ಬನ್ನು ತಿನ್ನಲಿಲ್ಲ. ಅಂಗಳಕ್ಕೆ ಹೋಗಿ ಫೋನಿನಲ್ಲಿ ಮಾತಾಡಿ ಬಂದಳು. ನಲವತ್ತೂ ಕೈತಪ್ಪಿದವು. ಅವಳನ್ನು ನೋಡಿ ನನಗೂ ಪಾಪ ಅನ್ನಿಸಿತು, ಯಾಕೆಂದರೆ ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ಮಧ್ಯಾಹ್ನ ನಾವಿಬ್ಬರೂ ಆಲ್ಗೊತ್ ಮನೆಗೆ ಹೋಗುತ್ತೇವೆ. ಬಂದೂಕು ಪೊಲೀಸರ ಪಾಲಾದರೂ ದುರ್ಬೀನಿಗೆ ಪರವಾನಗಿ ಬೇಕಿಲ್ಲವಾದ್ದರಿಂದ ಅದು ಮನೆಗೆ ಮರಳಿದೆ. ಅಡುಗೆಮನೆಯ ಬಿಳಿ ಕಿಟಕಿ ಹಲಗೆಯ ಮೇಲೆ ಕೂತಿದೆ. ಆಲ್ಗೊತ್ ಇಲ್ಲಿನ ರೂಢಿಯಂತೆ ಮರದ ಲೋಟದಲ್ಲಿ ಚೀಸ್ ತುಂಡು ಹಾಕಿ, ಮೇಲೆ ಕಾಫಿ ಸುರಿದು ಕೊಡುತ್ತಾರೆ.

"ಅಂಗಡಿಯವರನ್ನ ಓಡಿಸಿದೆಯಂತೆ. ಹುಚ್ಚಿ!"

"ಸುದ್ದಿ ನನಗಿಂತ ಮೊದಲೇ ಬಂತಾ? ಆ ದುರ್ಬೀನು ಕೊಡು ಆಲ್ಗೊತ್. ಬಣ್ಣ ಕೆರೆದು ಕಪ್ಪು ಹಾಕ್ಕೊಡ್ತೀನಿ."

"ಮುಟ್ಟಬೇಡ. ದಾರೀಲಿ ಯಾರ ನಾಯಿ ಹೋಗ್ತಿದೆ ಅಂತ ನೋಡೋಕೆ ಬೇಕು ಅದು ನನಗೆ. ಬಂದೂಕು ಒರಗಿಸಿ ಹೋದವನು ನಾನು, ನೀನಲ್ಲ."

"ಹಾಕ್ಸು ಅಂದವಳು ನಾನು."

"ಅಂದೆ. ಕಾಫಿ ಕುಡಿ."

ಗುನ್‌ವೋರ್ ಲೋಟದೊಳಗೆ ನೋಡುತ್ತ ಕೇಳುತ್ತಾರೆ: "ಸೋಮವಾರ ಬೇಟೆಗೆ ಬರ್ತೀಯಾ? ಬೆಂಕಿ ಹತ್ರ ಸುಮ್ನೆ ಕೂತ್ರೂ ಸಾಕು. ಎಲ್ಲರೂ ಕೇಳ್ತಾರೆ." ಮೂರು ವರ್ಷದಿಂದ ಆಲ್ಗೊತ್ ಕಾಡಿಗೆ ಕಾಲಿಟ್ಟಿಲ್ಲ. ಮಂಡಿನೋವು ಅನ್ನುತ್ತಾರೆ ಈಗಲೂ. ಮೊನ್ನೆ ಛಾವಣಿ ಹತ್ತಿ ಹೆಂಚು ಸರಿಮಾಡುತ್ತಿದ್ದವರನ್ನು ನಾನೇ ನೋಡಿದ್ದೇನೆ.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಗುನ್‌ವೋರ್, "ಒಂದ್ಸಲ ಬಾಯ್ತುಂಬ ಬೈದಿದ್ರೆ ನನಗೆ ಹಗುರಾಗ್ತಿತ್ತು. ಬೈಯೋದೂ ಇಲ್ಲ, ಬರೋದೂ ಇಲ್ಲ," ಅನ್ನುತ್ತಾರೆ. ಗೇಟಿನ ಹತ್ತಿರ ನಿಂತು ಹಿಂದಿರುಗಿ ನೋಡುತ್ತಾರೆ. ಕಿಟಕಿಯ ಬಿಳಿ ಹಲಗೆಯ ಮೇಲೆ ಆ ಸ್ಪ್ರೂಸ್ ಬಣ್ಣ, ಆ ಕಲ್ಲುಹೂವು, ರಸ್ತೆಯ ತನಕ ಎದ್ದು ಕಾಣುತ್ತಿದೆ.

"ಇಲ್ಲಿ ನೋಡು, ಎಷ್ಟು ಚೆನ್ನಾಗಿ ಕಾಣುತ್ತೆ," ಅನ್ನುತ್ತಾರೆ. "ಕಾಡಲ್ಲಿ ಇದರ ಅರ್ಧ ಕಂಡಿದ್ರೂ ಸಾಕಿತ್ತು."